ಒಂದು ಫೋಟೋ ತಾನೇ, ಅದಕ್ಕೂ ದುಡ್ಡಾ?

ಪ್ಲೇಸ್‌ಮೆಂಟ್ ಸೀಸನ್ ಹತ್ತಿರ ಬಂತು ಅಂದ್ರೆ ನಮ್ಮ ಕ್ಯಾಂಪಸ್ಸಿನಲ್ಲಿ ಎರಡಕ್ಕೆ ಎಲ್ಲಿಲ್ಲದ ಬೇಡಿಕೆ. ಒಂದು, ಇಸ್ತ್ರಿ ಮಾಡಿದ ತಿಳಿನೀಲಿ ಫಾರ್ಮಲ್ ಶರ್ಟು. ಇನ್ನೊಂದು, ಕ್ಯಾಮರಾ ಇರೋ ಗೆಳೆಯ. ಶರ್ಟನ್ನ ಒಂದು ರೂಮಿನಿಂದ ಇನ್ನೊಂದು ರೂಮಿಗೆ ಕೇಳಿ ಪಡೆದು, ಹಾಕ್ಕೊಂಡು, ಒಗೆದು (ಕೆಲವೊಮ್ಮೆ ಒಗೆಯದೆಯೂ) ವಾಪಸ್ ಕೊಡ್ತಾರೆ. ಕ್ಯಾಮರಾ ಇರೋ ಗೆಳೆಯನ ವಿಷಯದಲ್ಲಿ ವಾಪಸ್ ಕೊಡೋ ಪದ್ಧತಿ ಇಲ್ಲ. "ಮಗಾ, ಒಂದೇ ಒಂದು ಫೋಟೋ, ಐದು ನಿಮಿಷ" ಅಂತ ಬರೋ ಮೆಸೇಜು ಸಂಜೆ ನಾಲ್ಕಕ್ಕೆ ಶುರುವಾಗಿ ಕತ್ತಲಾಗೋ ತನಕ ನಡೆಯುತ್ತೆ. ರಾತ್ರಿ ಹನ್ನೊಂದಕ್ಕೆ ಇನ್ನೊಂದು ಮೆಸೇಜು: "ಎಡಿಟ್ ಆಯ್ತಾ?"

ನಾವು ಅಂದ್ರೆ ಮೂರು ಜನ. ಒಬ್ಬಳು ಇಸಿ, ಒಬ್ಬ ಮೆಕ್ಯಾನಿಕಲ್, ಒಬ್ಬ ಸಿಎಸ್. ಕಳೆದ ವರ್ಷದಿಂದ ಕ್ಯಾಂಪಸ್ಸಿನಲ್ಲಿ ದುಡ್ಡು ತಗೊಂಡು ಪೋರ್ಟ್ರೇಟ್ ತೆಗೀತಿದೀವಿ. ಪ್ಲೇಸ್‌ಮೆಂಟ್ ಫೋಟೋ, ಎಥ್ನಿಕ್ ಡೇ ಸೀರೆ-ಪಂಚೆ ಫೋಟೋ, ಫೇರ್‌ವೆಲ್‌ಗೆ ಮೊದಲು ಗ್ಯಾಂಗ್ ಫೋಟೋ, ಸೀನಿಯರ್ ಒಬ್ಬರ ಮನೆಯವರು ಕೇಳಿದ್ರು ಅಂತ ಮದುವೆ ಬಯೋಡೇಟಾ ಫೋಟೋ, ಹೀಗೆ. ದುಡ್ಡು ಅಂದ ಕೂಡಲೇ ಎದುರಿಗಿರೋರ ಮುಖ ಹೇಗಾಗುತ್ತೆ ಅನ್ನೋದು ನಮಗೆ ಚೆನ್ನಾಗಿ ಗೊತ್ತು, ಮುಖ ನೋಡೋದೇ ನಮ್ಮ ಕೆಲಸ ಅಲ್ವಾ. ಅವರೆಲ್ಲ ಬಾಯಿಬಿಟ್ಟು ಹೇಳೋ ಅಥವಾ ಹೇಳದೆ ನುಂಗೋ ಒಂದೇ ಪ್ರಶ್ನೆ ಈ ಬರಹದ ತಲೆಬರಹ. ಅದಕ್ಕೆ ನಮ್ಮ ಉತ್ತರ "ಹೌದು, ಅದಕ್ಕೂ ದುಡ್ಡು". ಆದ್ರೆ ಬರೀ ಹೌದು ಅಂದ್ರೆ ಸಾಲದು, ದುಡ್ಡು ತಗೊಳ್ಳೋರು ಏನೇನು ಹೊತ್ಕೋಬೇಕು ಅನ್ನೋದನ್ನೂ ಹೇಳಬೇಕು. ಈ ವರ್ಷ ಜೂನಿಯರ್‌ಗಳಲ್ಲೂ ನಾಲ್ಕೈದು ಜನ ಇದೇ ದಾರಿಗೆ ಬರೋ ಆಸೆ ತೋರಿಸಿದಾರೆ, ಅವರಿಗೂ ಸೇರಿಸಿಯೇ ಬರೀತಿದೀವಿ.

ಮೊದಲು ಲೆಕ್ಕ. ಇಂಜಿನಿಯರಿಂಗ್ ಓದೋರಿಗೆ ಲೆಕ್ಕ ಹೇಳಿದ್ರೆ ಬೇಗ ಅರ್ಥ ಆಗುತ್ತೆ ಅಂತ ಒಂದು ನಂಬಿಕೆ. ಸೆಕೆಂಡ್ ಹ್ಯಾಂಡ್ ಬಾಡಿ, ಒಂದು 50 ಎಂಎಂ ಲೆನ್ಸು, ಎರಡು ಬ್ಯಾಟರಿ, ಕಾರ್ಡು, ಬ್ಯಾಗು ಎಲ್ಲಾ ಸೇರಿ 40,000 ರೂಪಾಯಿ ಅಂತ ಇಟ್ಕೊಳ್ಳಿ. ಅದು ನಾಲ್ಕು ವರ್ಷ ದುಡಿಯುತ್ತೆ, ವರ್ಷಕ್ಕೆ 25 ಶೂಟ್ ಅಂತ ಇಟ್ಕೊಳ್ಳಿ. ಒಟ್ಟು ನೂರು ಶೂಟ್, ಅಂದ್ರೆ ಪ್ರತಿ ಶೂಟಿಗೆ 400 ರೂಪಾಯಿ ಸವಕಳಿ. ಇನ್ನು ಸಮಯ. ಶೂಟಿಗೆ ಒಂದೂವರೆ ಗಂಟೆ. ಇನ್ನೂರೈವತ್ತು ಕ್ಲಿಕ್ಕಿನಲ್ಲಿ ಕಣ್ಣು ಮುಚ್ಚಿದ್ದು, ಕೂದಲು ಬಾಯಿಗೆ ಹೋಗಿದ್ದು, ಹಿಂದೆ ಯಾರೋ ಬಕೆಟ್ ಹಿಡ್ಕೊಂಡು ದಾಟಿದ್ದು ಎಲ್ಲಾ ತೆಗೆದು ಹದಿನೈದು ಆರಿಸೋಕೆ ಒಂದು ಗಂಟೆ. ಒಂದೊಂದಕ್ಕೆ ಹತ್ತು ನಿಮಿಷದಂತೆ ಎಡಿಟಿಗೆ ಎರಡೂವರೆ ಗಂಟೆ. "ಇದು ಬೇಡ, ಅದು ಹಾಕಿ" ಅನ್ನೋ ಮಾತುಕತೆಗೆ ಒಂದು ಗಂಟೆ. ಒಟ್ಟು ಆರು ಗಂಟೆ. ಈಗ "ಫ್ರೆಂಡ್ ರೇಟ್" ಅಂತ 500 ರೂಪಾಯಿ ತಗೊಂಡ್ರೆ ಸವಕಳಿ ಕಳೆದು ಉಳಿಯೋದು 100. ಆರು ಗಂಟೆಗೆ ಹಂಚಿದ್ರೆ ಗಂಟೆಗೆ 16 ರೂಪಾಯಿ ಚಿಲ್ಲರೆ. ಅದೇ 1,500 ತಗೊಂಡ್ರೆ ಗಂಟೆಗೆ 183. ಹೊರಗೆ ಮನೆಪಾಠ ಹೇಳಿದ್ರೂ ಹೆಚ್ಚುಕಡಿಮೆ ಇಷ್ಟು ಸಿಗುತ್ತೆ, ಅದೂ ಕೂತ್ಕೊಂಡು, ಬಿಸ್ಕೆಟ್ ಟೀ ಜೊತೆಗೆ.

"ಆದ್ರೆ ಕ್ಯಾಮರಾ ಹೇಗೂ ನಿನ್ನ ಹತ್ರ ಇದೆಯಲ್ಲ" ಅಂತೀರಿ. ಬೈಕು ಹೇಗೂ ಇದೆಯಲ್ಲ ಅಂತ ಯಾರೂ ಪೆಟ್ರೋಲ್ ಹಾಕಿಸದೆ ಮೂರು ದಿನ ಇಟ್ಕೊಳ್ಳಲ್ಲ. (ಇಟ್ಕೊಳ್ಳೋರೂ ಇದಾರೆ. ಅವರ ಬಗ್ಗೆ ಬೇರೆ ಲೇಖನ ಬರೀಬೇಕು.) ಕ್ಯಾಮರಾದಲ್ಲಿ ಸುಟ್ಟುಹೋಗೋ ಪೆಟ್ರೋಲು ಕಣ್ಣಿಗೆ ಕಾಣಲ್ಲ, ಅಷ್ಟೇ ವ್ಯತ್ಯಾಸ.

ಲೆಕ್ಕಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಕೊಳ್ಳೋದು ಕ್ಯಾಮರಾವನ್ನಲ್ಲ. ಫೋನಿನಲ್ಲೂ ಈಗ ಒಳ್ಳೆ ಕ್ಯಾಮರಾ ಇದೆ, ಅದನ್ನ ನಾವೇ ಒಪ್ಪುತ್ತೀವಿ. ಆದ್ರೂ ಸೆಲ್ಫಿಯಲ್ಲಿ ಮೂಗು ದಪ್ಪ ಯಾಕೆ ಬರುತ್ತೆ ಅಂತ ಯೋಚನೆ ಮಾಡಿದೀರಾ? ಮೂಗಿನ ತುದಿಗೂ ಕಿವಿಗೂ ಸುಮಾರು 12 ಸೆಂಟಿಮೀಟರ್ ಅಂತರ ಅಂತ ತಗೊಳ್ಳಿ. ಫೋನು ಮೂಗಿನಿಂದ 30 ಸೆಂ.ಮೀ. ದೂರದಲ್ಲಿದ್ರೆ ಕಿವಿ 42 ಸೆಂ.ಮೀ. ದೂರ. 42 ಭಾಗಿಸು 30, ಅಂದ್ರೆ ಕಿವಿಗೆ ಹೋಲಿಸಿದ್ರೆ ಮೂಗು ಇರಬೇಕಾದ್ದಕ್ಕಿಂತ ಶೇಕಡಾ 40 ದೊಡ್ಡದು. ಅದೇ ಒಂದೂವರೆ ಮೀಟರ್ ಹಿಂದೆ ಹೋಗಿ ನಿಂತ್ರೆ 162 ಭಾಗಿಸು 150, ಬರೀ ಶೇಕಡಾ 8. ಲೆನ್ಸಿಗೂ ಇದಕ್ಕೂ ನೇರ ಸಂಬಂಧ ಇಲ್ಲ, ಇದೆಲ್ಲ ದೂರದ ಆಟ. ಹಾಗೆ ದೂರ ನಿಂತು ಮುಖ ಫ್ರೇಮಿನ ತುಂಬಾ ಬರಬೇಕು ಅಂದ್ರೆ ಉದ್ದ ಫೋಕಲ್ ಲೆಂಗ್ತ್ ಬೇಕು. ಅದಕ್ಕೇ ಪೋರ್ಟ್ರೇಟ್ ತೆಗೆಯೋರು 85 ಎಂಎಂ ಅಂತ ಜಪ ಮಾಡೋದು. ನಮ್ಮಂಥ ಬಡಪಾಯಿಗಳ ಸಣ್ಣ ಸೆನ್ಸರ್ ಬಾಡಿಗೆ 50 ಎಂಎಂ ಹಾಕಿದ್ರೆ ನಿಕಾನ್‌ನಲ್ಲಿ 75, ಕ್ಯಾನನ್‌ನಲ್ಲಿ 80 ಎಂಎಂನಷ್ಟು ನೋಟ ಬರುತ್ತೆ, ಸಾಕು. ಬಾಡಿ ಜೊತೆಗೆ ಬರೋ 18-55 ಲೆನ್ಸನ್ನೂ 55ಕ್ಕೆ ತಿರುಗಿಸಿಟ್ಟು ಹಿಂದೆ ಸರಿದು ನಿಂತ್ರೆ ಅರ್ಧ ಕೆಲಸ ಆಯ್ತು. ಇದನ್ನ ಜೂನಿಯರ್‌ಗಳು ಮೊದಲ ದಿನವೇ ಕಲೀಬಹುದು, ಒಂದು ಪೈಸೆ ಖರ್ಚಿಲ್ಲ.

ಬೆಳಕೂ ಹಾಗೇ. ಮಧ್ಯಾಹ್ನ ಹನ್ನೆರಡೂವರೆಗೆ ಬ್ರೇಕ್ ಇದೆ ಅಂತ ಮೇನ್ ಬ್ಲಾಕ್ ಮುಂದೆ ಬಿಸಿಲಲ್ಲಿ ನಿಂತ್ಕೊಂಡು ತೆಗೆಸಿದ ಫೋಟೋಗಳನ್ನ ನೋಡಿ. ನಮ್ಮ ಕರ್ನಾಟಕದಲ್ಲಿ ಏಪ್ರಿಲ್‌ನಿಂದ ಆಗಸ್ಟ್ ತನಕ ನಡು ಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿ ಮೇಲೇ ಇರ್ತಾನೆ. ಹುಬ್ಬಿನ ನೆರಳು ಕಣ್ಣಿನ ಗುಳಿಗೆ ಬಿದ್ದು ಎಂಥ ಟಾಪರೂ ಮೂರು ರಾತ್ರಿ ನಿದ್ದೆಗೆಟ್ಟ ಕಳ್ಳನ ಹಾಗೆ ಕಾಣ್ತಾನೆ. ಅದೇ ಹುಡುಗನನ್ನ ಲೈಬ್ರರಿ ಕಾರಿಡಾರಿನ ಕಂಬದ ಪಕ್ಕ, ನೆರಳಿನ ಅಂಚಿನಲ್ಲಿ, ಮುಖ ಹೊರಗಡೆ ಮಾಡಿ ನಿಲ್ಲಿಸಿ. ಎದುರಿಗೆ ಬಿಳಿ ಗೋಡೆ ಇದ್ರೆ ಅದೇ ರಿಫ್ಲೆಕ್ಟರ್. ಇಲ್ದಿದ್ರೆ ಸ್ಟೇಷನರಿ ಅಂಗಡಿಯ ಥರ್ಮಕೋಲ್ ಶೀಟು. ಪ್ರಾಜೆಕ್ಟ್ ಮಾಡೆಲ್‌ಗೆ ತಂದು ಉಳಿದಿರೋದು ಪ್ರತಿ ರೂಮಲ್ಲೂ ಮಂಚದ ಕೆಳಗೆ ಇದ್ದೇ ಇರುತ್ತೆ. ನಮ್ಮ ಕ್ಯಾಂಪಸ್ಸಿನಲ್ಲಿ ಯಾವ ಕಂಬಕ್ಕೆ ಯಾವ ತಿಂಗಳು ಎಷ್ಟು ಗಂಟೆಗೆ ಬೆಳಕು ಬರುತ್ತೆ ಅನ್ನೋದು ನಮಗೆ ಟೈಮ್‌ಟೇಬಲ್‌ಗಿಂತ ಚೆನ್ನಾಗಿ ಗೊತ್ತು. ನೀವು ದುಡ್ಡು ಕೊಡೋದು ಇದಕ್ಕೆ.

ಈಗ ನಮ್ಮ ಮುಖ್ಯ ವಾದಕ್ಕೆ ಬರೋಣ. ದುಡ್ಡು ತಗೊಳ್ಳೋದರಿಂದ ಲಾಭ ನಮಗಿಂತ ನಿಮಗೇ ಹೆಚ್ಚು ಅಂತ ನಾವು ಹೇಳ್ತೀವಿ. ನಗಬೇಡಿ, ಕೇಳಿ. ಪುಕ್ಕಟೆ ಫೋಟೋದಲ್ಲಿ ಇಬ್ಬರೂ ಬಾಯಿ ಮುಚ್ಕೊಂಡಿರಬೇಕಾಗುತ್ತೆ. ತೆಗೆದವನು ಹದಿನೈದು ದಿನ ಕಳಿಸದೇ ಇದ್ರೂ ನೀವು ಕೇಳೋ ಹಾಗಿಲ್ಲ, "ಫ್ರೀಯಾಗಿ ಮಾಡಿಕೊಡ್ತಿದೀನಿ, ಇದರ ಮೇಲೆ ಇದು ಬೇರೆ" ಅಂತಾನೆ. ನಿಮಗೆ ಇಷ್ಟ ಆಗದ ಫೋಟೋವನ್ನ ಅವನ ಪೇಜಿಗೆ ಹಾಕ್ಕೊಂಡ್ರೂ ಮಾತಾಡೋಕೆ ಸಂಕೋಚ. ಅತ್ತ ಅವನಿಗೂ ಹಾಗೇ, ನೀವು ಹೇಳಿದ ಟೈಮಿಗೆ ಒಂದು ಗಂಟೆ ತಡವಾಗಿ, ಹೇಳದೇ ಇದ್ದ ಇಬ್ಬರು ಗೆಳೆಯರನ್ನ ಕರ್ಕೊಂಡು ಬಂದ್ರೂ ಹಲ್ಲು ಕಿರೀಬೇಕು. ಹೊರಗೆ ನೋಡೋಕೆ ಸ್ನೇಹ, ಒಳಗೆ ಇಬ್ಬರಿಗೂ ಕಿರಿಕಿರಿ. ದುಡ್ಡು ಕೈ ಬದಲಾದ ಕ್ಷಣ ಇಬ್ಬರಿಗೂ ಬಾಯಿ ಬರುತ್ತೆ. "ಶುಕ್ರವಾರ ಕೊಡ್ತೀನಿ ಅಂದಿದ್ರಿ, ಇವತ್ತು ಶನಿವಾರ" ಅಂತ ಜೂನಿಯರ್ ಕೂಡ ಸೀನಿಯರ್‌ನ ಕೇಳಬಹುದು. ನಮ್ಮ ಕಾಲೇಜಿನಲ್ಲಿ ಜೂನಿಯರ್ ಸೀನಿಯರನ್ನ ತಲೆಯೆತ್ತಿ ಪ್ರಶ್ನೆ ಕೇಳೋ ಜಾಗ ಇನ್ನೆಷ್ಟಿದೆ ಹೇಳಿ.

ಕಾನೂನೂ ಇದೇ ಮಾತು ಹೇಳುತ್ತೆ, ಇದು ಬಹಳ ಜನರಿಗೆ ಗೊತ್ತಿಲ್ಲ. 1957ರ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಸಾಮಾನ್ಯವಾಗಿ ಫೋಟೋದ ಮೊದಲ ಹಕ್ಕು ತೆಗೆದವರದ್ದು. ಆದ್ರೆ ಯಾರಾದ್ರೂ ಹೇಳಿ, ಬೆಲೆ ಕೊಟ್ಟು ತೆಗೆಸಿದ್ರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಆ ಹಕ್ಕು ತೆಗೆಸಿದವರದ್ದು. ಅಂದ್ರೆ ಏನಾಯ್ತು? ಬಿಟ್ಟಿಯಾಗಿ ತೆಗೆಸ್ಕೊಂಡ ನಿಮ್ಮ ಮುಖದ ಫೋಟೋದ ಹಕ್ಕು ಕ್ಯಾಮರಾ ಹಿಡಿದವನದ್ದು. ಐನೂರೋ ಸಾವಿರವೋ ಕೊಟ್ಟು ತೆಗೆಸಿದ್ರೆ ನಿಮ್ಮದು. ಇದು ಓದಿದ ಮೇಲೆ ನಾವು ಒಂದು ಕೆಲಸ ಮಾಡ್ತಿದೀವಿ. ಬುಕಿಂಗ್ ಮೆಸೇಜಿನಲ್ಲೇ ಒಂದು ಸಾಲು ಕೇಳ್ತೀವಿ, ನಿಮ್ಮ ಫೋಟೋಗಳಲ್ಲಿ ಎರಡನ್ನ ನಮ್ಮ ಪೇಜಿಗೆ ಹಾಕ್ಕೋಬಹುದಾ, ಹೌದು ಅಥವಾ ಇಲ್ಲ. ಇಲ್ಲ ಅಂದ್ರೆ ರೇಟು ಬದಲಾಗಲ್ಲ, ಮುಖಾನೂ ಬದಲಾಗಲ್ಲ. ಕೆಲವರು "ಪೇಜಿಗೆ ಹಾಕ್ಕೊಳ್ಳೋಕೆ ಬಿಟ್ರೆ ಡಿಸ್ಕೌಂಟ್" ಅಂತ ವ್ಯಾಪಾರ ಮಾಡ್ತಾರೆ. ನಮಗೆ ಅದು ಸರಿ ಅನ್ಸಲ್ಲ. ದುಡ್ಡು ಕಮ್ಮಿ ಇರೋ ಹುಡುಗಿಯ ಫೋಟೋ ಎಲ್ಲರೂ ನೋಡಬಹುದು, ದುಡ್ಡಿರೋಳದ್ದು ನೋಡೋ ಹಾಗಿಲ್ಲ ಅಂತಾಗುತ್ತೆ ಅದು.

ಇದೇ ಜಾಗದಲ್ಲಿ ಇನ್ನೊಂದು ಮಾತು. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಬುಕಿಂಗ್ ಲೇಡೀಸ್ ಹಾಸ್ಟೆಲ್ಲಿನಿಂದ ಬರುತ್ತೆ, ಅದಕ್ಕೆ ಮುಖ್ಯ ಕಾರಣ ನಮ್ಮ ಮೂವರಲ್ಲಿ ಒಬ್ಬಳು ಹುಡುಗಿ ಇರೋದು. ನೇರವಾಗಿ ಹೇಳ್ತೀವಿ, ಬೇರೆ ಇಬ್ಬರ ಪ್ರತಿಭೆ ಅಲ್ಲಿ ಲೆಕ್ಕಕ್ಕಿಲ್ಲ. ಜೊತೆಗೆ ಗೆಳತಿ ಬರಲಿ ಅಂತ ನಾವೇ ಹೇಳ್ತೀವಿ. ಸೆರಗು, ಕೂದಲು, ಕೈ ಏನೇ ಸರಿಮಾಡೋದಿದ್ರೂ ಬಾಯಲ್ಲಿ ಹೇಳ್ತೀವಿ ಅಥವಾ ನಮ್ಮ ಮೈ ಮೇಲೇ ತೋರಿಸ್ತೀವಿ, ಮುಟ್ಟಲ್ಲ. ಇನ್ನು ಫೋಟೋ ಕಳಿಸೋ ಡ್ರೈವ್ ಲಿಂಕು. ಲಿಂಕ್ ಇದ್ದೋರು ಯಾರು ಬೇಕಾದ್ರೂ ನೋಡಬಹುದು ಅನ್ನೋ ಸೆಟ್ಟಿಂಗಿನಲ್ಲಿ ಬಿಟ್ಟು, ಅದೇ ಲಿಂಕು ಕ್ಲಾಸ್ ಗ್ರೂಪಿನಿಂದ ಇನ್ನೊಂದು ಗ್ರೂಪಿಗೆ ಹಾರಿ, ಯಾರ್ಯಾರದೋ ಫೋನಿಗೆ ಹೋಗೋದನ್ನ ನಾವೆಲ್ಲ ಫೆಸ್ಟ್ ಟೈಮಲ್ಲಿ ನೋಡೇ ಇದೀವಿ. ಒಂದು ಮುಖದಿಂದ ಏನು ಬೇಕಾದ್ರೂ ತಯಾರು ಮಾಡೋ ಆ್ಯಪುಗಳು ಬಂದಿರೋ ಈ ಕಾಲದಲ್ಲಿ ಇದನ್ನ ಸಣ್ಣ ವಿಷಯ ಅಂತ ಯಾರಾದ್ರೂ ಅಂದ್ರೆ ಅವರಿಗೆ ಕ್ಯಾಮರಾ ಕೊಡಬಾರದು. ಒಬ್ಬರ ಮೇಲ್‌ಗೆ ಮಾತ್ರ ತೆರೆಯೋ ಹಾಗೆ ಕಳಿಸೋಕೆ ಅರ್ಧ ನಿಮಿಷ ಹೆಚ್ಚು ಹಿಡಿಯುತ್ತೆ. ಮೂವತ್ತು ದಿನ ಆದ ಮೇಲೆ ನಮ್ಮ ಹಾರ್ಡ್ ಡಿಸ್ಕಿನಿಂದಲೂ ಅಳಿಸ್ತೀವಿ ಅಂತ ಮೊದಲೇ ಹೇಳಿರ್ತೀವಿ, ಅಳಿಸ್ತೀವಿ.

ಈಗ ಜಗಳದ ವಿಷಯ. ಎಡಿಟ್. "ಸ್ವಲ್ಪ ಬೆಳ್ಳಗೆ ಮಾಡಿ."

ಈ ಮಾತನ್ನ ನಾವು ಎಷ್ಟು ಸಲ ಕೇಳಿದೀವಿ ಅಂತ ಎಣಿಸಿಲ್ಲ. ಹುಡುಗರು ಮೆಸೇಜಲ್ಲಿ ಹೇಳ್ತಾರೆ, ಹುಡುಗಿಯರ ಪರವಾಗಿ ಮನೆಯವರು ಹೇಳ್ತಾರೆ, ಮದುವೆ ಫೋಟೋ ಆದ್ರಂತೂ ಅತ್ತೆ, ಚಿಕ್ಕಮ್ಮ ಎಲ್ಲಾ ಹೇಳ್ತಾರೆ. ನಾವು ಮಾಡಲ್ಲ. ಬುಕಿಂಗ್ ಮೆಸೇಜಿನಲ್ಲೇ ಬರೆದಿರ್ತೀವಿ: ಮೊಡವೆ ತೆಗೀತೀವಿ, ಅದು ಹೇಗೂ ಮುಂದಿನ ವಾರ ಹೋಗುತ್ತೆ. ಮಚ್ಚೆ, ಗಾಯದ ಗುರುತು ನೀವು ಹೇಳಿದ ಹಾಗೆ. ಬಣ್ಣ ಮುಟ್ಟಲ್ಲ. ಇದಕ್ಕೆ ಬರೋ ಎದುರು ವಾದ ಗಟ್ಟಿಯಾಗೇ ಇದೆ. "ದುಡ್ಡು ಕೊಡೋನು ನಾನು, ಮುಖ ನಂದು, ಹಕ್ಕು ನಂದು ಅಂತ ಈಗ ತಾನೇ ಕಾನೂನು ಬೇರೆ ಹೇಳಿದ್ರಿ. ನೀವ್ಯಾರು ಬೇಡ ಅನ್ನೋಕೆ?" ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತ ಗಾದೆ ಬೇರೆ ಇದೆ. ನಮ್ಮ ಉತ್ತರ ಇಷ್ಟೇ: ಫೋಟೋ ನಿಮ್ಮದು, ನಿಮ್ಮ ಫೋನಿನಲ್ಲಿ ನೀವು ಏನು ಬೇಕಾದ್ರೂ ಮಾಡ್ಕೊಳ್ಳಿ. ಆದ್ರೆ ನಮ್ಮ ಕೈಯಿಂದ ಮಾಡಿಸಬೇಡಿ. ಕಟಿಂಗ್ ಅಂಗಡಿಯವನೂ ತನಗೆ ಬೇಡದ ಕೆಲಸಕ್ಕೆ ಇಲ್ಲ ಅಂತಾನೆ.

ಇದರ ಹಿಂದೆ ಒಂದು ತಾಂತ್ರಿಕ ಕಥೆ ಇದೆ, ಅದನ್ನ ತಿಳಿದ್ರೆ ಅರ್ಧ ಜಗಳ ತಾನಾಗೇ ನಿಲ್ಲುತ್ತೆ. ಕ್ಯಾಮರಾದ ಮೀಟರು ಎದುರಿಗೆ ಏನೇ ಇರಲಿ, ಅದರ ಸರಾಸರಿಯನ್ನ ಮಧ್ಯಮ ಬೂದು ಬಣ್ಣಕ್ಕೆ ತರೋಕೆ ನೋಡುತ್ತೆ. ಬಿಳಿ ಗೋಡೆ ಮುಂದೆ, ಬಿಳಿ ಶರ್ಟು ಹಾಕಿದ ಕಪ್ಪು ಹುಡುಗನನ್ನ ನಿಲ್ಲಿಸಿ ಆಟೋ ಮೋಡಿನಲ್ಲಿ ತೆಗೆದ್ರೆ, ಗೋಡೆ ಶರ್ಟು ಎರಡೂ ತುಂಬಾ ಬೆಳಕು ಅಂದ್ಕೊಂಡು ಮೀಟರು ಒಟ್ಟು ಚಿತ್ರವನ್ನೇ ಕಪ್ಪು ಮಾಡುತ್ತೆ. ಮುಖದಲ್ಲಿ ಕಣ್ಣು ಹಲ್ಲು ಬಿಟ್ಟು ಏನೂ ಕಾಣಲ್ಲ. ಅವನು ಆ ಫೋಟೋ ನೋಡಿ "ನಾನು ಇಷ್ಟು ಕಪ್ಪಾ" ಅಂತ ಕುಗ್ಗಿ ಬೆಳ್ಳಗೆ ಮಾಡಿ ಅಂತಾನೆ. ತಪ್ಪು ಅವನ ಬಣ್ಣದ್ದಲ್ಲ, ಎಕ್ಸ್‌ಪೋಶರ್‌ನದ್ದು. ಮುಖದ ಮೇಲೆ ಸ್ಪಾಟ್ ಮೀಟರ್ ಇಟ್ಟು, ಹಿನ್ನೆಲೆಯನ್ನ ಸ್ವಲ್ಪ ಗಾಢವಾದ ಗೋಡೆಗೋ ಹೊಂಗೆ ಮರಕ್ಕೋ ಬದಲಾಯಿಸಿ, ಪಕ್ಕದಿಂದ ಬೆಳಕು ಕೊಟ್ರೆ ಅದೇ ಚರ್ಮ ಹೊಳೆಯುತ್ತೆ. ಫಿಲ್ಮ್ ಕಾಲದಲ್ಲಿ ಇದು ಇನ್ನೂ ಅನ್ಯಾಯ. ಬಣ್ಣ ಸರಿಯಾಗಿದೆಯಾ ಅಂತ ಲ್ಯಾಬುಗಳು ಹೋಲಿಸಿ ನೋಡ್ತಿದ್ದ ಕೊಡಾಕ್‌ನ 'ಶರ್ಲಿ ಕಾರ್ಡು'ಗಳಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿ ಹೆಂಗಸರ ಮುಖ. ಬೇರೆ ಬೇರೆ ಬಣ್ಣದವರು ಒಟ್ಟಿಗೆ ಇರೋ ಕಾರ್ಡು ಬಂದಿದ್ದು 1990ರ ದಶಕದಲ್ಲಿ. ಅಂದ್ರೆ ನಮ್ಮ ಅಪ್ಪ ಅಮ್ಮಂದಿರ ಮದುವೆ ಆಲ್ಬಮ್ಮುಗಳಲ್ಲಿ ಕಾಣೋ ಬಣ್ಣಕ್ಕೆ ಅಳತೆಗೋಲು ಎಲ್ಲಿಯದ್ದು ಅಂತ ಯೋಚಿಸಿ. ಮುಖದ ಕ್ರೀಮಿನ ಕಂಪನಿ 2020ರಲ್ಲಿ ಹೆಸರಿನಿಂದ 'ಫೇರ್' ತೆಗೆದು 'ಗ್ಲೋ' ಅಂತ ಹಾಕ್ಕೊಂಡಿತು, ಫೋನಿನ ಬ್ಯೂಟಿ ಮೋಡ್ ಮಾತ್ರ ಇನ್ನೂ ಹಳೇ ಹೆಸರಲ್ಲೇ ಬದುಕ್ತಿದೆ.

ನಮ್ಮವರೇ ಆದ ಟಿ.ಎಸ್. ಸತ್ಯನ್ ಅವರ ಕಪ್ಪು-ಬಿಳುಪು ಚಿತ್ರಗಳನ್ನ ಒಮ್ಮೆ ಹುಡುಕಿ ನೋಡಿ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಪತ್ರಿಕಾ ಛಾಯಾಗ್ರಾಹಕರಾಗಿ ಹೆಸರು ಮಾಡಿ, 1977ರಲ್ಲಿ ಪದ್ಮಶ್ರೀ ಪಡೆದವರು. ಅವರ ಚಿತ್ರಗಳ ಮಕ್ಕಳು, ಮುದುಕರು, ಕೂಲಿಯವರು ಯಾರೂ ಬೆಳ್ಳಗಿಲ್ಲ, ಆದ್ರೆ ಒಬ್ಬರ ಮುಖವೂ ಕತ್ತಲಲ್ಲಿಲ್ಲ. ಎರಡಕ್ಕೂ ವ್ಯತ್ಯಾಸ ಇದೆ ಅಂತ ನಮಗೆ ತಿಳಿದಿದ್ದು ಅಲ್ಲಿಂದ.

ಇನ್ನು ಫೆಸ್ಟ್ ಕಮಿಟಿಗಳು. ಹೆಸರು ಬೇಡ, ಎಲ್ಲಾ ಕಾಲೇಜಲ್ಲೂ ಇರೋ ಕಥೆ. ಸ್ಟೇಜಿನವನಿಗೆ ಅಡ್ವಾನ್ಸ್, ಲೈಟಿನವನಿಗೆ ಅಡ್ವಾನ್ಸ್, ಡಿಜೆಗೆ ಅಡ್ವಾನ್ಸ್ ಜೊತೆಗೆ ಊಟ ಮತ್ತು ಕಾರು, ಫ್ಲೆಕ್ಸ್ ಪ್ರಿಂಟಿನವನಿಗೆ ಕ್ಯಾಶ್. ಎರಡು ದಿನ ಬೆಳಗಿನಿಂದ ರಾತ್ರಿ ತನಕ ನಿಂತು ಮೂರು ಸಾವಿರ ಫೋಟೋ ತೆಗೆದ ಹುಡುಗನಿಗೆ ಒಂದು ಎಗ್ ಪಫ್ಸು ಮತ್ತು ಸರ್ಟಿಫಿಕೇಟು. ಸರ್ಟಿಫಿಕೇಟಿನಲ್ಲಿ ಹೆಸರು ತಪ್ಪು. ಮುಂದಿನ ವರ್ಷದ ಸ್ಪಾನ್ಸರ್‌ಗೆ ತೋರಿಸೋ ಬ್ರೋಷರ್ ತುಂಬಾ ಅವನದ್ದೇ ಚಿತ್ರಗಳು. "ನಿನಗೆ ಎಕ್ಸ್‌ಪೋಶರ್ ಸಿಗುತ್ತೆ" ಅಂತಾರೆ. ಎಕ್ಸ್‌ಪೋಶರ್ ನಮ್ಮ ಕ್ಯಾಮರಾದಲ್ಲೇ ಇದೆ ಸ್ವಾಮಿ, ಶಟರ್ ಸ್ಪೀಡ್ ಕಮ್ಮಿ ಮಾಡಿದ್ರೆ ಎಷ್ಟು ಬೇಕಾದ್ರೂ ಸಿಗುತ್ತೆ. ಕಮಿಟಿಯವರಿಗೆ ನಮ್ಮ ಕೋರಿಕೆ ಒಂದೇ, ಬಜೆಟ್ ಶೀಟಿನಲ್ಲಿ ಫೋಟೋಗ್ರಫಿಗೆ ಒಂದು ಸಾಲು ಹಾಕಿ. ಮೊತ್ತ ಸಣ್ಣದಾದ್ರೂ ಪರವಾಗಿಲ್ಲ, ಸಾಲು ಇರಲಿ. ಸಾಲೇ ಇಲ್ಲದ ಖರ್ಚಿಗೆ ಯಾವ ಪ್ರಿನ್ಸಿಪಾಲರೂ ಸಹಿ ಹಾಕಲ್ಲ.

ಎಲ್ಲದಕ್ಕೂ ದುಡ್ಡು ಕೇಳ್ತೀರಾ ಅಂದ್ರೆ, ಇಲ್ಲ. ಮೆಸ್ಸಿನಲ್ಲಿ ಚಪಾತಿ ಬೇಯಿಸೋ ಅಕ್ಕಂದಿರ ಫೋಟೋ, ಗೇಟಿನ ಸೆಕ್ಯುರಿಟಿ ಅಣ್ಣ ಯೂನಿಫಾರ್ಮಿನಲ್ಲಿ ನಿಂತು ಮಗಳಿಗೆ ಕಳಿಸ್ಬೇಕು ಅಂದ ಫೋಟೋ, ಇವಕ್ಕೆ ತಗೊಂಡಿಲ್ಲ, ಪ್ರಿಂಟ್ ಹಾಕಿಸಿ ಕೊಟ್ಟಿದೀವಿ. ಪ್ಲೇಸ್‌ಮೆಂಟ್ ಫೋಟೋಗೆ 200 ಇಲ್ಲ ಅನ್ನೋ ಕ್ಲಾಸ್‌ಮೇಟಿಗೂ ಇಲ್ಲ ಅಂದಿಲ್ಲ, ಅದನ್ನ ಹತ್ತು ಜನರ ಮುಂದೆ ಕೇಳೋ ಹಾಗೂ ಮಾಡಿಲ್ಲ. ಕೊಡೋದು ನಮ್ಮಿಷ್ಟ ಆಗಿರೋ ತನಕ ಅದು ಉಡುಗೊರೆ. ಬರಬೇಕಾದ್ದು ಅಂತ ಎದುರಿನವರು ತೀರ್ಮಾನ ಮಾಡಿದ ದಿನ ಅದು ಬಿಟ್ಟಿ ಚಾಕರಿ.

ಇಷ್ಟೆಲ್ಲ ಬೆಲೆ, ಶ್ರಮ ಅಂತ ಮಾತಾಡಿದ ಮೇಲೆ ಗೇಟ್ ಎದುರಿನ ಸ್ಟುಡಿಯೋ ಅಣ್ಣನ ಮಾತು ಎತ್ತದೇ ಇದ್ರೆ ಅದು ಮೋಸ. ಅಂಗಡಿ ಬಾಡಿಗೆ, ಕಮರ್ಷಿಯಲ್ ಕರೆಂಟ್ ಬಿಲ್ಲು, ಪ್ರಿಂಟರ್ ಶಾಯಿ, ಒಬ್ಬ ಹುಡುಗನ ಸಂಬಳ, ಎಲ್ಲವನ್ನೂ ಅವರು ನಾವು ಕಡೆಗಣಿಸೋ ಪಾಸ್‌ಪೋರ್ಟ್ ಸೈಜಿನ ಫೋಟೋಗಳಿಂದ ತೆಗೀಬೇಕು. ನಾವು ಹಾಸ್ಟೆಲ್ ಕರೆಂಟಿನಲ್ಲಿ ಚಾರ್ಜ್ ಮಾಡಿ, ಅಪ್ಪನ ದುಡ್ಡಿನ ಲ್ಯಾಪ್‌ಟಾಪಿನಲ್ಲಿ ಎಡಿಟ್ ಮಾಡಿ, ಅವರಿಗಿಂತ ನೂರು ರೂಪಾಯಿ ಕಮ್ಮಿ ಅಂತ ಬೋರ್ಡು ಹಾಕೋದು ಸ್ಪರ್ಧೆ ಅಲ್ಲ. ನಮ್ಮ ಖರ್ಚನ್ನ ಬೇರೆಯವರು ಹೊತ್ತಿರೋದರಿಂದ ನಮ್ಮ ರೇಟು ಕಮ್ಮಿ, ಕೈಚಳಕ ಹೆಚ್ಚಿರೋದರಿಂದಲ್ಲ. ಹಾಗಾಗಿ ಮೂವರೂ ಕೂತು ತೀರ್ಮಾನ ಮಾಡಿದ್ದು ಇದು: ಪಾಸ್‌ಪೋರ್ಟ್, ಸ್ಟ್ಯಾಂಪ್ ಸೈಜು, ಅರ್ಜಿಗೆ ಅಂಟಿಸೋ ಫೋಟೋ ನಾವು ಮುಟ್ಟಲ್ಲ. ಯಾರೇ ಕೇಳಿದ್ರೂ ಅಣ್ಣನ ಹತ್ರ ಕಳಿಸ್ತೀವಿ. ಪ್ರಿಂಟು, ಫ್ರೇಮು ಎಲ್ಲಾ ಅವರಲ್ಲೇ ಹಾಕಿಸ್ತೀವಿ. ಅವರು ಮಾಡೋ ಥರದ ಕೆಲಸಕ್ಕೆ ಅವರಿಗಿಂತ ಕಮ್ಮಿ ರೇಟು ಹೇಳಲ್ಲ. ನಮ್ಮ ಮೆಕ್ಯಾನಿಕಲ್ ಗೆಳೆಯ ಇದನ್ನ ಪೂರ್ತಿ ಒಪ್ಪಲ್ಲ, ಮಾರ್ಕೆಟ್ಟು ಮಾರ್ಕೆಟ್ಟೇ ಅಂತಾನೆ. ಇಬ್ಬರು ಒಪ್ಪಿರೋದರಿಂದ ನಡೀತಿದೆ.

ಅಣ್ಣನಿಂದ ಕಲಿಯೋಕೂ ಇದೆ. ಅಂಗಡಿಗೆ ಬಂದ ಅಜ್ಜ ಸ್ಟೂಲಿನ ಮೇಲೆ ಬಿಗಿಯಾಗಿ ಕೂತ್ರೆ ಅವರು "ನಗಿ" ಅನ್ನಲ್ಲ. ಯಾವ ಊರು, ಮಳೆ ಹೇಗಿದೆ ಅಂತ ಕೇಳ್ತಾರೆ. ಅಜ್ಜ ಮಳೆ ಬಗ್ಗೆ ಹೇಳೋಕೆ ಶುರುಮಾಡಿ ಭುಜ ಇಳಿದ ಕ್ಷಣದಲ್ಲಿ ಕ್ಲಿಕ್. ಒಟ್ಟು ಎರಡು ನಿಮಿಷ. ಪ್ಲೇಸ್‌ಮೆಂಟ್ ಫೋಟೋಗೆ ಬರೋ ನಮ್ಮ ಹುಡುಗರು ಆ ಅಜ್ಜನಿಗಿಂತ ಬಿಗಿ. ಅವರನ್ನ "ಕಾನ್ಫಿಡೆಂಟಾಗಿ ನೋಡು" ಅಂದ್ರೆ ಕೊಲೆ ಮಾಡೋ ಹಾಗೆ ನೋಡ್ತಾರೆ. ನಿನ್ನೆ ಮೆಸ್ಸಿನಲ್ಲಿ ಏನಿತ್ತು ಅಂತ ಕೇಳಿದ್ರೆ ಸಾಕು, ಮುಖಕ್ಕೆ ಜೀವ ಬರುತ್ತೆ.

ಶುರು ಮಾಡೋ ಜೂನಿಯರ್‌ಗಳಿಗೆ: ಮನೆಯಲ್ಲಿ ಹಠ ಮಾಡಿ ಕ್ಯಾಮರಾ ಕೊಡಿಸ್ಕೊಂಡು ಆಮೇಲೆ ಗಿರಾಕಿ ಹುಡುಕಬೇಡಿ. ಮೊದಲ ಹತ್ತು ಜನರನ್ನ ನೀವೇ ಆರಿಸಿ, ನೀವೇ ಕರೆದು, ಪುಕ್ಕಟೆ ತೆಗೀರಿ. ಅದು ಅವರಿಗಲ್ಲ, ನಿಮ್ಮ ಕಲಿಕೆಗೆ. ಹತ್ತರಲ್ಲಿ ಒಬ್ಬರಾದ್ರೂ ಬೇರೆ ಬೇರೆ ಬಣ್ಣದವರು, ಕನ್ನಡಕದವರು, ನಗೋಕೆ ನಾಚೋರು ಇರಲಿ. ಬರೀ ಚಂದದ ಗೆಳತಿಯ ಹತ್ತು ಫೋಟೋ ಪೇಜಿಗೆ ಹಾಕಿದ್ರೆ ನಿಮಗೆ ಫೋಟೋ ಬರುತ್ತೆ ಅಂತ ಗೊತ್ತಾಗಲ್ಲ, ಆಕೆ ಚಂದ ಅಂತ ಗೊತ್ತಾಗುತ್ತೆ. ದೊಡ್ಡ ಊರುಗಳಲ್ಲಿ ಲೆನ್ಸು ದಿನದ ಬಾಡಿಗೆಗೆ ಸಿಗುತ್ತೆ, ಕೊಳ್ಳೋ ಮೊದಲು ಒಂದು ದಿನ ಬಳಸಿ ನೋಡಿ. ರೇಟನ್ನ ಕ್ಯಾಮರಾ ಎತ್ತೋ ಮೊದಲು ಹೇಳಿ, ಎತ್ತಿದ ಮೇಲಲ್ಲ. "ನಿಮಗೆ ಎಷ್ಟು ಅನ್ಸುತ್ತೋ ಕೊಡಿ" ಅಂತ ಮಾತ್ರ ಯಾವತ್ತೂ ಅನ್ನಬೇಡಿ. ಅವರಿಗೆ ಏನೂ ಅನ್ಸಲ್ಲ. ಅರ್ಧ ದುಡ್ಡು ಮೊದಲೇ ತಗೊಳ್ಳಿ, ಕೊಟ್ಟೋನು ಕೋಡಂಗಿ ಇಸ್ಕೊಂಡೋನು ಈರಭದ್ರ ಅನ್ನೋದು ನಮ್ಮ ಹಾಸ್ಟೆಲ್ಲಿನಲ್ಲಿ ದಿನಾ ನಿಜ ಆಗೋ ಗಾದೆ. ಜಿಎಸ್‌ಟಿ ಚಿಂತೆ ಬೇಡ, ನಮ್ಮಂಥ ಸೇವೆಗೆ ಅದು ವರ್ಷಕ್ಕೆ 20 ಲಕ್ಷ ವಹಿವಾಟು ದಾಟಿದ ಮೇಲೆ, ಆ ಭಾಗ್ಯ ಬಂದಾಗ ನೋಡ್ಕೊಳ್ಳೋಣ. ಬಂದ ದುಡ್ಡಿನ ಲೆಕ್ಕ ಮಾತ್ರ ಒಂದು ಶೀಟಿನಲ್ಲಿ ಬರೆದಿಡಿ.

ಈ ಸೀಸನ್ನಿನ ನಮ್ಮ ರೇಟು: ಒಬ್ಬರಿಗೆ ಪೂರ್ತಿ ಶೂಟ್ 1,500, ಹದಿನೈದು ಫೋಟೋ, ಏಳು ದಿನದೊಳಗೆ. ಪ್ಲೇಸ್‌ಮೆಂಟ್ ಫೋಟೋ ಹತ್ತು ಜನ ಒಟ್ಟಿಗೆ ಬಂದ್ರೆ ತಲೆಗೆ 200, ಒಬ್ಬರಿಗೆ ಎರಡು ಫೋಟೋ, ಮೂರು ದಿನದೊಳಗೆ. ಏಳು ದಿನ ಅಂದದ್ದು ಎಂಟಾದ್ರೆ ನೂರು ರೂಪಾಯಿ ವಾಪಸ್. ಸಂಜೆ ನಾಲ್ಕರಿಂದ ಐದೂಮುಕ್ಕಾಲು, ಲೈಬ್ರರಿ ಕಾರಿಡಾರು. ಇಂಟರ್ನಲ್ಸ್ ವಾರ ಬುಕಿಂಗ್ ಇಲ್ಲ, ನಮಗೂ ಪಾಸಾಗಬೇಕು. ತಿಳಿನೀಲಿ ಶರ್ಟನ್ನ ನೀವೇ ತರಬೇಕು.